ಮಂತ್ರಿ ಗೊತ್ತುಮಾಡಿದ ಮದುವೆ

ಲಿಸ್ಬನ್, 1768 ಅಕ್ಟೋಬರ್ 9, ಭಾನುವಾರ

ಲೋಪು ಸಹಿ ಹಾಕಿ ಬಂದಿದ್ದಾನೆ. ನನ್ನ ತಮ್ಮ, ಹದಿನಾಲ್ಕು ತಲೆಮಾರಿನ ಮನೆತನದ ಯಜಮಾನ, ಕರೆದ ಕಡೆ ಹೋಗಿ, ಬೆರಳು ತೋರಿಸಿದ ಜಾಗದಲ್ಲಿ ಹೆಸರು ಬರೆದು ಬಂದಿದ್ದಾನೆ.

"ಒಂದು ಮಾತಾದ್ರೂ ಆಡಿದ್ಯೇನೋ?" ಎಂದು ಕೇಳಿದೆ.

"ಅಕ್ಕಾ, ಆ ಕೋಣೇಲಿ ಕೂತ್ಕೊಳ್ಳೋಕೆ ಒಂದು ಕುರ್ಚೀನೂ ಇಟ್ಟಿರ್ಲಿಲ್ಲ," ಎಂದ.

ಕುರ್ಚಿ ಇರಲಿಲ್ಲವೆಂದು ವಂಶವನ್ನೇ ಬಿಟ್ಟುಕೊಟ್ಟ ಗಂಡಸನ್ನು ನಾನು ಇದೇ ಮೊದಲು ನೋಡುತ್ತಿರುವುದು. ಆಮೇಲೆ ಊಟಕ್ಕೆ ಕೂತು ಎರಡು ಬಟ್ಟಲು ಸಾರನ್ನು ಸೊರಸೊರ ಎಳೆದ. ಮುಂದಿನ ಹಲ್ಲಿಲ್ಲದ ಬಾಯಿ. ನಾನು ಗೋಡೆಯ ಕಡೆ ಮುಖ ಮಾಡಿಕೊಂಡು ಉಂಡೆ.

ಕಾಗದದಲ್ಲಿರುವುದು ಇಷ್ಟು. ತಮ್ಮ ರಕ್ತ ಶುದ್ಧ ಎಂದು ತಮ್ಮತಮ್ಮಲ್ಲೇ ಕೊಟ್ಟು ತರುವ ಮನೆಗಳು, ಮದುವೆಗೆ ಬಂದ ಮಕ್ಕಳನ್ನು ನಾಲ್ಕು ತಿಂಗಳೊಳಗೆ ಇಷ್ಟು ಕಾಲ ತಾವು ದೂರವಿಟ್ಟ ಮನೆಗಳಿಗೆ ಕೊಡಬೇಕು. ಅಂದರೆ, ಇನ್ನೂರು ಮುನ್ನೂರು ವರ್ಷದ ಹಿಂದೆ ಯಹೂದಿಗಳಾಗಿದ್ದು, ಆಮೇಲೆ ತಲೆಯ ಮೇಲೆ ದೀಕ್ಷೆಯ ನೀರು ಹಾಕಿಸಿಕೊಂಡವರ ರಕ್ತ ಬೆರೆತ ಮನೆಗಳಿಗೆ. ಕೊಡದಿದ್ದರೆ ಪದವಿ, ಜಹಗೀರು, ಅರಮನೆಯ ಪ್ರವೇಶ ಎಲ್ಲವೂ ಹೋಗುತ್ತದೆ. ಸುದ್ದಿಯನ್ನು ಹೊರಗೆ ಆಡಿದರೆ ಸೆರೆಮನೆ. ಮುದ್ರೆ ರಾಜರದ್ದು, ಮಾತು ಮಂತ್ರಿಯದ್ದು. ರಕ್ತದಲ್ಲಿ ಮೇಲು ಕೀಳು ಎಣಿಸುವುದು ಕತ್ತಲೆಯ ಕಾಲದ ಮೌಢ್ಯವಂತೆ. ಬೆಳಕು ತರುತ್ತಾನಂತೆ ಅವನು, ಸೆರೆಮನೆಯ ಬೀಗದಕೈ ಹಿಡಿದುಕೊಂಡು.

ನಮ್ಮ ಮನೆಯಲ್ಲಿ ಮದುವೆಗೆ ಬಂದಿರುವವಳು ಒಬ್ಬಳೇ, ಲೋಪುವಿನ ಮಗಳು ವಿಯೊಲಾಂತೆ. ಇಪ್ಪತ್ತು ವರ್ಷ. ಭೂಕಂಪದಲ್ಲಿ ಅವಳ ತಾಯಿ ಹೋದಳು, ನನ್ನ ಗಂಡನೂ ಹೋದ. ಅಂದಿನಿಂದ ಅವಳನ್ನು ಬೆಳೆಸಿದವಳು ನಾನು.

ಅಕ್ಟೋಬರ್ 12

ನ್ಯಾಯಾಧಿಕಾರಿ ಸಾರ್ಮೆಂತು ಪಟ್ಟಿ ತಂದಿದ್ದ. ಆರು ಮನೆಗಳ ಹೆಸರು. ಮಾತಿಗೊಮ್ಮೆ ನಶ್ಯ ಏರಿಸಿ, ಕಂದು ಬಣ್ಣದ ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತಾನೆ. "ಇದರಲ್ಲಿ ಯಾರಾದ್ರೂ ಸರಿ, ಆಯ್ಕೆ ನಿಮ್ದೇ," ಎಂದ. ತರಕಾರಿಯವನ ಬುಟ್ಟಿಯಲ್ಲಿ ಆರಿಸುವಷ್ಟು ಸ್ವಾತಂತ್ರ್ಯ ಕೊಟ್ಟಿದ್ದಾರೆ.

ಇಪ್ಪತ್ತೈದು ವರ್ಷಗಳಿಂದ ವಂಶಾವಳಿಯ ಪುಸ್ತಕ ನನ್ನ ಕೈಯಲ್ಲಿದೆ. ಊರಿನ ಯಾವ ದೊಡ್ಡ ಮನೆಯಲ್ಲೂ ನನ್ನನ್ನು ಕೇಳದೆ ಸಂಬಂಧ ಕುದುರುತ್ತಿರಲಿಲ್ಲ. ಆರೂ ಮನೆಗಳನ್ನು ಬಲ್ಲೆ. ಯಾರ ಅಜ್ಜಿಯ ಅಪ್ಪ ಬಟ್ಟೆ ಮಾರುತ್ತಿದ್ದ, ಯಾರ ಮುತ್ತಜ್ಜನನ್ನು ಚರ್ಚಿನ ಧರ್ಮವಿಚಾರಣೆಯವರು ಅಪರಾಧಿಯ ಹಳದಿ ಅಂಗಿ ತೊಡಿಸಿ ಬೀದಿಯಲ್ಲಿ ನಡೆಸಿದರು, ಎಲ್ಲ ಗೊತ್ತು. ಕೊನೆಗೆ ಬ್ರಾಂದಾವುಗಳನ್ನು ತೋರಿಸಿದೆ. ಅಲ್ಲಿ ಕಲೆ ಇರುವುದು ಐದು ತಲೆಮಾರು ಹಿಂದೆ, ಒಬ್ಬ ವೈದ್ಯ. ಮಗ ಗಾಸ್ಪಾರ್ ಮೂವತ್ತು ವರ್ಷದವನು, ಸೈನ್ಯದ ಎಂಜಿನಿಯರ್. ಊರನ್ನು ಹೊಸದಾಗಿ ಕಟ್ಟುವ ಕಡೆ ಹಗ್ಗ ಹಿಡಿದು ಬೀದಿ ಅಳೆಯುತ್ತಾನಂತೆ. ತಾಯಿ ಇನಾಸಿಯಾ ವಿಧವೆ.

ವಿಯೊಲಾಂತೆಗೆ ನಾನೇ ಹೇಳಿದೆ. ಅವಳು ಹೊಲಿಗೆಯಿಂದ ತಲೆ ಎತ್ತದೆ, "ಹಾಗಿದ್ರೆ ಇಷ್ಟು ದಿನ ನಾನು ಯಾರಿಗೆ ಅಂತ ಇದ್ದೆ ಅತ್ತೆ?" ಎಂದಳು.

ಇದೆಂಥ ಪ್ರಶ್ನೆ!

ಅಕ್ಟೋಬರ್ 23, ಭಾನುವಾರ

ಬ್ರಾಂದಾವುಗಳ ಮನೆಗೆ ಹೋಗಿ ಬಂದೆ. ಹೆಣ್ಣಿನ ಕಡೆಯವರು ಮೊದಲು ಹೋಗಬೇಕೆಂದು ಸಾರ್ಮೆಂತುವಿನ ಅಪ್ಪಣೆ. ಲೋಪುಗೆ ಕಾಲುನೋವಂತೆ. ಅವನಿಗೆ ಬೇಕಾದಾಗ ಬರುವ ನೋವು ಅದು.

ಮನೆ ಹೊಸ ಬೀದಿಯಲ್ಲಿದೆ. ಎಡಕ್ಕೂ ಬಲಕ್ಕೂ ಒಂದೇ ಎತ್ತರದ ಮನೆಗಳು, ಒಂದೇ ಅಳತೆಯ ಕಿಟಕಿಗಳು. ಯಾರ ಮನೆ ಯಾವುದೆಂದು ಗೋಡೆ ನೋಡಿ ತಿಳಿಯುವಂತಿಲ್ಲ. ಒಳಗೆ ಕಾಲಿಟ್ಟರೆ, ಬಾಗಿಲ ಎದುರಿಗೇ ಉಪ್ಪು ಹಚ್ಚಿ ಒಣಗಿಸಿದ ಮೂರು ಹಂದಿತೊಡೆಗಳು ತೂಗುತ್ತಿವೆ. ಅಡುಗೆಮನೆಯಲ್ಲಿರಬೇಕಾದದ್ದನ್ನು ನಡುಮನೆಯಲ್ಲಿ ತೂಗುಹಾಕಿದ್ದಾರೆ. ಮೂಗಿಗೆ ಕರವಸ್ತ್ರ ಇಟ್ಟುಕೊಂಡೆ.

ಇನಾಸಿಯಾ ದಪ್ಪ ಕೈಗಳ ಹೆಂಗಸು. ಹಂದಿಮಾಂಸದ ತೆಳುಹೋಳುಗಳನ್ನೂ ಬಿಸಿ ಚಾಕೊಲೇಟನ್ನೂ ತಂದು ಮುಂದಿಟ್ಟಳು. ನನಗೆ ಇವತ್ತು ಉಪವಾಸ ಎಂದೆ.

"ಭಾನುವಾರ ಎಂಥ ಉಪವಾಸ ದೋನಾ ಮೇಸಿಯಾ?"

"ಹರಕೆ."

ಅವಳು ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು ನನ್ನನ್ನೇ ನೋಡಿದಳು. "ಮುಟ್ಟಬೇಡಿ, ಪರವಾಗಿಲ್ಲ. ಇದು ನನಗೂ ಸೇರಲ್ಲ. ಚಿಕ್ಕಂದಿನಿಂದ ಹಂದಿಮಾಂಸ ತಿಂದ್ರೆ ಹೊಟ್ಟೇಲಿ ನಿಲ್ಲಲ್ಲ ನನಗೆ. ಆದ್ರೂ ನಲವತ್ತು ವರ್ಷದಿಂದ ತಿಂತಾ ಇದೀನಿ. ಯಾರಾದ್ರೂ ಮನೆಗೆ ಬಂದ್ರೆ ಅವರ ಕಣ್ಣೆದುರೇ ತಿನ್ನೋದು, ಅವರು ಹೋದ್ಮೇಲೆ ಹಿತ್ತಲಿಗೆ ಹೋಗಿ ಕಕ್ಕೋದು. ತಿನ್ನದೇ ಇದ್ರೆ ನಿಮ್ಮಂಥೋರು ಹೊರಗೆ ಹೋಗಿ ಏನಂತೀರಿ? 'ನೋಡಿದ್ರಾ, ಹಂದಿ ಮುಟ್ಟದ ಯಹೂದಿ ಮತಾನ ಇನ್ನೂ ಬಿಟ್ಟಿಲ್ಲ' ಅಂತೀರಿ."

ಹಾಗೆಂದು, ನನ್ನ ಕಣ್ಣೆದುರೇ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಹಣೆಯ ಮೇಲೆ ಬೆವರು ಮೂಡಿತು. ನಾನು ಎದ್ದೆ.

ಇಂಥವಳಿಗೆ ನಮ್ಮ ಮಗು ಸೊಸೆಯಾಗಬೇಕಂತೆ. ಥೂ. ಮನೆಗೆ ಬಂದು ಕೈಗವಸುಗಳನ್ನು ಒಲೆಗೆ ಹಾಕಿದೆ.

ನವೆಂಬರ್ 1

ಸಕಲ ಸಂತರ ಹಬ್ಬ. ಹದಿಮೂರು ವರ್ಷದ ಹಿಂದೆ ಇದೇ ದಿನ ಭೂಮಿ ಬಾಯಿ ತೆರೆಯಿತು. ಅಂದು ಸತ್ತವರು ಪುಣ್ಯವಂತರು, ಇದನ್ನೆಲ್ಲ ನೋಡದೆ ಹೋದರು.

ಲೋಪು ಇಡೀ ದಿನ ನರಳುತ್ತಿದ್ದ. ಕನ್ಯಾಮಠಕ್ಕೆ ಸೇರಿಸೋಣವೆಂದರೆ, ಗಡುವು ಮುಗಿಯುವ ತನಕ ನಮ್ಮಂಥ ಮನೆಯ ಹೆಣ್ಣುಗಳನ್ನು ಸೇರಿಸಿಕೊಳ್ಳಬಾರದೆಂದು ಮಠಗಳಿಗೂ ಅಪ್ಪಣೆ ಹೋಗಿದೆಯಂತೆ. ಆಗ ಉಪಾಯ ಹೇಳಿದ್ದು ನಾನೇ. ಮದುವೆಗೆ ಯೋಗ್ಯಳಲ್ಲ, ಕಾಯಿಲೆಯವಳು ಎಂದು ವೈದ್ಯರ ಬಾಯಲ್ಲೇ ಹೇಳಿಸಿದರಾಯಿತು. ಎಸ್ತ್ರೆಮೋಜ್ ಊರಿನ ಕೆಂಪು ಮಣ್ಣಿನ ಬಟ್ಟಲುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರ ಚೂರನ್ನು ದಿನಾ ಕಡಿದು ತಿಂದರೆ ಮೈ ಬಿಳುಚಿಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಬಿಳಿ ಬಣ್ಣ ಬರಲೆಂದು ನಾವೆಲ್ಲ ತಿಂದವರೇ. ಸ್ವಲ್ಪ ಹೆಚ್ಚು ತಿಂದರೆ ಕಾಯಿಲೆಯ ಹಾಗೆಯೇ ಕಾಣುತ್ತದೆ.

ಲೋಪು ನನ್ನ ಕೈಗೆ ಮುತ್ತಿಟ್ಟ. ಕೈ ಒದ್ದೆಯಾಯಿತು.

ನವೆಂಬರ್ 14

ಮಗು ಹೇಳಿದ ಹಾಗೆ ಕೇಳುತ್ತಾಳೆ. ಬೆಳಿಗ್ಗೆ ಒಂದು ಚೂರು, ಮಧ್ಯಾಹ್ನ ಒಂದು ಚೂರು. ಊಟವನ್ನೂ ಕಡಿಮೆ ಮಾಡಿಸಿದ್ದೇನೆ. ತುಟಿ ಆಗಲೇ ಬೂದಿಯ ಬಣ್ಣಕ್ಕೆ ತಿರುಗಿದೆ. ಚೆನ್ನಾಗಿ ನಡೆಯುತ್ತಿದೆ.

ಮನೆಯಲ್ಲಿ ಮಾಂಸ ಸರಿ ಬರುತ್ತಿಲ್ಲ. ನಿನ್ನೆ ಹಂದಿತೊಡೆ ಬಡಿಸಿದರು, ಬಾಯಿಯ ಹತ್ತಿರ ತಂದೊಡನೆ ಕಮಟು ವಾಸನೆ. ತಟ್ಟೆಯನ್ನು ಸರಿಸಿಬಿಟ್ಟೆ. ಅಡುಗೆಯ ಕಿತೇರಿಯಾಳನ್ನು ಕರೆಸಿ ಬಯ್ದೆ.

"ಅಮ್ಮಾವ್ರೇ, ಯಜಮಾನ್ರು ಮೂರು ಸಲ ಹಾಕಿಸ್ಕೊಂಡು ತಿಂದ್ರು!" ಎಂದಳು.

ಲೋಪುಗೆ ಮೂಗಿದ್ದರೆ ತಾನೇ.

ನವೆಂಬರ್ 29

ಸಾರ್ಮೆಂತು ಒಬ್ಬ ವೈದ್ಯನನ್ನು ಕರೆದುಕೊಂಡು ಬಂದ. ಹೊಸ ಪದ್ಧತಿಯ ವೈದ್ಯ. ಜಾತಕ ಕೇಳಲಿಲ್ಲ, ಮೂತ್ರ ನೋಡಲಿಲ್ಲ. ಮಗುವಿನ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ನೋಡಿ, ನಾಡಿ ಹಿಡಿದು, "ರಕ್ತ ಕಡಿಮೆ. ತುಂಬ ಕಡಿಮೆ," ಎಂದ. ನನಗೆ ಒಳಗೊಳಗೇ ಸಂತೋಷವಾಯಿತು.

ಸಾರ್ಮೆಂತು ನಶ್ಯದ ಡಬ್ಬಿ ಮುಚ್ಚಿ, "ಮದುವೆ ದಿನ ನಿಂತ್ಕೊಳ್ಳೋಕೆ ಆಗುತ್ತೋ ಇಲ್ವೋ, ಅದು ಹೇಳಿ," ಎಂದ.

"ಹೀಗೇ ಮುಂದುವರಿದ್ರೆ ಫೆಬ್ರವರಿ ತನಕ ಬದುಕಿರೋದೇ ಅನುಮಾನ ಸ್ವಾಮಿ."

"ಹಾಗಾದ್ರೆ ಜನವರೀಲೇ ಮಾಡಿ ಮುಗಿಸೋಣ. ಮದುವೆ ಆದ್ಮೇಲೆ ಏನಾದ್ರೂ ಆದ್ರೆ ಅದು ದೇವರಿಚ್ಛೆ, ಕಾನೂನಿನ ತಪ್ಪಲ್ಲ. ಮೂಢನಂಬಿಕೆ ಹೋಗಬೇಕು ಅನ್ನೋದಷ್ಟೇ ಮಂತ್ರಿಗಳ ಆಸೆ."

ಮಗು ಅಲ್ಲೇ ಕುಳಿತಿದ್ದಳು. ಕುರ್ಚಿ ಮೇಜುಗಳ ಜೊತೆಗೆ ಅವಳನ್ನೂ ಎಣಿಸಿದಂತೆ ಮಾತಾಡಿ ಎದ್ದು ಹೋದರು. ನೆಲದ ಮೇಲೆಲ್ಲ ನಶ್ಯ. ಕಿತೇರಿಯಾಳ ಕೈಯಲ್ಲಿ ಮೂರು ಸಲ ಒರೆಸಿಸಿದೆ.

ಡಿಸೆಂಬರ್ 13

ಮಣ್ಣು ಸಾಕು ಎಂದೆ. ಅವಳು ಬಿಡುತ್ತಿಲ್ಲ. ಬೀಗ ಹಾಕಿದ ಬೀರುವಿನ ಮುಂದೆ ನಿಂತು, "ಒಂದೇ ಒಂದು ಚೂರು ಅತ್ತೆ," ಎಂದು ಅಳುತ್ತಾಳೆ. ನಿನ್ನೆ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು, ಉಗುರಿನಲ್ಲೆಲ್ಲ ಸುಣ್ಣ. ಮೆಟ್ಟಿಲು ಹತ್ತುವಾಗ ಎರಡು ಸಲ ಬಿದ್ದಳು. ಎರಡು ತಿಂಗಳಿನಿಂದ ಮುಟ್ಟಾಗಿಲ್ಲ ಎಂದು ಕಿತೇರಿಯಾ ಹೇಳಿದಳು.

ನಾವು ತಿನ್ನುತ್ತಿದ್ದಾಗ ಹೀಗೆಲ್ಲ ಆಗುತ್ತಿರಲಿಲ್ಲ. ಈಗಿನ ಮಣ್ಣೇ ಸರಿಯಿಲ್ಲ.

ಡಿಸೆಂಬರ್ 20

ಲೋಪುವಿನ ಹತ್ತಿರ ಮಾತಾಡಿದೆ. ಉಪಾಯ ಫಲಿಸಲಿಲ್ಲ, ಇನ್ನು ಹುಡುಗಿಗೆ ಹೊಟ್ಟೆ ತುಂಬ ಹಾಕೋಣ, ವೈದ್ಯನನ್ನು ಕರೆಸೋಣ ಎಂದೆ.

ಕಿಟಕಿಯ ಹತ್ತಿರ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಕತ್ತರಿಸಿದ ಚೂರುಗಳನ್ನು ತೊಡೆಯ ಮೇಲೆ ಗುಡ್ಡೆ ಮಾಡಿಕೊಂಡಿದ್ದ.

"ಯಾಕಕ್ಕಾ ಅವಸರ? ಹೀಗೇ ಬಿಡೋಣ."

"ಹೀಗೇ ಬಿಟ್ರೆ ಸತ್ತು ಹೋಗ್ತಾಳೋ."

"ಸತ್ರೆ ಶುದ್ಧವಾಗಿ ಸಾಯ್ತಾಳೆ," ಎಂದ. ಆಮೇಲೆ ಉಗುರುಗಳನ್ನು ಅಂಗೈಗೆ ಬಳಿದುಕೊಂಡು ಕಿಟಕಿಯಾಚೆ ಊದಿದ. "ನೀನೇ ಅಲ್ವಾ ಇದನ್ನ ಶುರು ಮಾಡಿದ್ದು?"

ಮುಂದೆ ಏನು ಮಾತಾಡಿದೆವೋ ನೆನಪಿಲ್ಲ. ಅವನ ಉಗುರುಗಳು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿವೆ. ಹಳದಿ.

ಡಿಸೆಂಬರ್ 22

ಬೆಳಿಗ್ಗೆ ಬ್ರಾಂದಾವುಗಳ ಮನೆಗೆ ಹೋಗಿದ್ದೆ. ಬೇರೆ ಕಾರಣವೇನೂ ಇಲ್ಲ. ಮದುವೆಯ ದಿನ ಯಾವುದೆಂದು ಎದುರೆದುರು ಮಾತಾಡಿ ಗೊತ್ತುಮಾಡಬೇಕಿತ್ತು. ಆಳುಗಳ ಕೈಯಲ್ಲಿ ಹೇಳಿ ಕಳಿಸಿದರೆ ಊರೆಲ್ಲ ಗುಲ್ಲಾಗುತ್ತದೆ.

ಇನಾಸಿಯಾ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು, ಸ್ವಂತ ಕೈಯಿಂದ. ದಿನದ ವಿಷಯ ಎತ್ತಿದೆ. ಮಾತು ಎಲ್ಲೋ ಹೋಗಿ ಹುಡುಗಿಯ ಆರೋಗ್ಯಕ್ಕೆ ಬಂತು. ಅವಳು ಹಿಂಡುವುದನ್ನು ನಿಲ್ಲಿಸಿ, "ಹಲ್ಲು ಹೇಗಿದೆ ಅವಳದ್ದು?" ಎಂದು ಕೇಳಿದಳು.

"ಕೆಂಪಗಿದೆ," ಎಂದೆ.

"ಯಾರು ಕೊಟ್ರು ಮಣ್ಣು?"

ಅವಳು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೇ ಕೈ ಒರೆಸಿ, ಶಾಲು ಹೊದ್ದುಕೊಂಡು, "ನಡೀರಿ," ಎಂದಳು. ನನ್ನ ಪಲ್ಲಕ್ಕಿಯ ಪಕ್ಕದಲ್ಲೇ ನಡೆದು ಬಂದಳು, ಕೆಸರಿನಲ್ಲಿ ಕಾಲು ಹುಗಿಯುತ್ತ. ನಮ್ಮ ಮನೆಗೆ ಬಂದವಳೇ ನೇರವಾಗಿ ಅಡುಗೆಮನೆಗೆ ನುಗ್ಗಿ, ಕಿತೇರಿಯಾಳಿಂದ ಕರುವಿನ ಯಕೃತ್ತು ತರಿಸಿ, ಅರ್ಧ ಬೇಯಿಸಿ ಅರೆದಳು. ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸಿ ದ್ರಾಕ್ಷಾರಸಕ್ಕೆ ಅದ್ದಿದಳು. ಚುಂಯ್ ಎಂದು ಹೊಗೆ ಎದ್ದಿತು. ರಕ್ತ ಒಸರುವ ಆ ಮುದ್ದೆಯನ್ನು ಮಗುವಿನ ಬಾಯಿಗೆ ಇಡುವುದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

"ನುಂಗು ಮಗಳೇ. ಕಣ್ಮುಚ್ಕೊಂಡು ನುಂಗು. ಕಕ್ಕಿದ್ರೆ ಇನ್ನೊಂದು ಸಲ ಕೊಡ್ತೀನಿ. ನನಗೇನೂ ಬೇಜಾರಿಲ್ಲ, ಕಕ್ಕೋದ್ರಲ್ಲಿ ನಲವತ್ತು ವರ್ಷದ ಅನುಭವ ನನಗೆ."

ಮಗು ನಕ್ಕಳು. ಅಕ್ಟೋಬರಿನಿಂದ ಈಚೆಗೆ ಇದೇ ಮೊದಲು.

1769 ಜನವರಿ 2

ಆ ಹೆಂಗಸು ದಿನಾ ಬರುತ್ತಾಳೆ. ಲೋಪು ತನ್ನ ಕೋಣೆಯಿಂದ ಆಚೆ ಬರುವುದನ್ನೇ ಬಿಟ್ಟಿದ್ದಾನೆ. ಅವಳು ಹೋದ ಮೇಲೆ ವಿನಿಗರ್ ಚೆಲ್ಲಿಸಿ ಮೆಟ್ಟಿಲು ತೊಳೆಸುತ್ತಾನೆ. ಇಡೀ ಮನೆ ಉಪ್ಪಿನಕಾಯಿಯ ಭರಣಿಯಂತೆ ನಾರುತ್ತಿದೆ.

ಇವತ್ತು ನಾವಿಬ್ಬರೇ ಇದ್ದಾಗ ಅವಳು, "ನಿಮಗೆ ನೆನಪಿರಲಿಕ್ಕಿಲ್ಲ ಬಿಡಿ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ತಂಗಿ ಕ್ಲಾರಾಗೆ ಒಂದು ಸಂಬಂಧ ಬಂದಿತ್ತು. ಬಟ್ಟೆ ಹೊಲಿಸಿ ಆಗಿತ್ತು. ಗಂಡಿನ ಕಡೆಯೋರು ನಿಮ್ಮನ್ನ ಕೇಳಿದ್ರಂತೆ," ಎಂದಳು.

"ನಾನೇನಂದೆ?"

"ಏನೂ ಅನ್ಲಿಲ್ವಂತೆ. ಮೂಗಿಗೆ ಕರವಸ್ತ್ರ ಇಟ್ಕೊಂಡ್ರಂತೆ, ಅಷ್ಟೆ."

ಅವಳು ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ. ನನ್ನ ಅಕ್ಷರವೇ ಇತ್ತು. 'ಕ್ಲಾರಾ. ಬ್ರಾಂದಾವು ಸೊಸೆಯ ತವರು. ಬೇಡ.' ಅಂದು ಏನು ಊಟ ಮಾಡಿದ್ದೆ, ಹೊರಗೆ ಮಳೆ ಬರುತ್ತಿತ್ತೋ ಬಿಸಿಲಿತ್ತೋ, ಒಂದೂ ನೆನಪಿಗೆ ಬರಲಿಲ್ಲ. ಕ್ಲಾರಾ ಮದುವೆಯಿಲ್ಲದೆ ಆರು ವರ್ಷ ಬದುಕಿ ಸತ್ತಳಂತೆ.

ಆ ಕಾಲದ ಮಸಿಗೆ ಎಂಥದೋ ವಾಸನೆ. ಪುಟ ತೆರೆದರೆ ತಲೆ ನೋಯುತ್ತದೆ. ಇನ್ನು ಅದನ್ನು ತೆಗೆಯುವುದಿಲ್ಲ.

ಜನವರಿ 10

ಗಾಸ್ಪಾರ್ ಬಂದಿದ್ದ. ಉದ್ದ ಮನುಷ್ಯ. ಎಲ್ಲಿ ನಿಂತರೂ ಅಡ್ಡವಾಗಿ ನಿಂತಂತೆ ಕಾಣುತ್ತಾನೆ. ಪಾದರಕ್ಷೆಗೆ ಸುಣ್ಣ ಮೆತ್ತಿತ್ತು. ಪದ್ಧತಿಯಂತೆ ನಾನು ಕೋಣೆಯಲ್ಲೇ ಜಪಮಾಲೆ ಹಿಡಿದು ಕುಳಿತಿದ್ದೆ.

ಕೂತ ತಕ್ಷಣ, "ನಿಮಗೆ ಇದು ಇಷ್ಟ ಇದೆಯಾ?" ಎಂದು ಮಗುವನ್ನು ಕೇಳಿದ.

ನಾನು ಜಪ ಮರೆತೆ. ಇಷ್ಟು ತಿಂಗಳಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಇಂಥ ಪ್ರಶ್ನೆಯನ್ನು ಹೆಣ್ಣಿಗೆ ಮುಖಕ್ಕೆ ಮುಖ ಕೊಟ್ಟು ಕೇಳುವುದು ಶುದ್ಧ ಒರಟುತನ.

"ಇಲ್ಲ," ಎಂದಳು ವಿಯೊಲಾಂತೆ.

"ನನಗೂ ಇಲ್ಲ. ಸಾರ್ಮೆಂತು ನನ್ನನ್ನೂ ಕರೆಸಿದ್ದ. 'ದೊಡ್ಡ ಮನೆ ಹೆಣ್ಣು, ಮಂತ್ರಿಗಳ ಕೊಡುಗೆ, ತಿರಸ್ಕರಿಸೋದು ಬುದ್ಧಿವಂತರ ಲಕ್ಷಣ ಅಲ್ಲ' ಅಂದ. ನನ್ನ ಜೊತೆ ಕೆಲಸ ಮಾಡ್ತಿದ್ದವನೊಬ್ಬ ಅಂಥದೇ ಒಂದು ಕೊಡುಗೆ ಬೇಡ ಅಂದು ಈಗ ಆಫ್ರಿಕಾದ ಕೋಟೇಲಿದಾನೆ."

"ನಿಮ್ಮ ಮನೇಲಿ ನನಗೇ ಅಂತ ಒಂದು ಕೋಣೆ ಸಿಗುತ್ತಾ?" ಎಂದಳು ಮಗು.

"ಸಿಗುತ್ತೆ."

"ಬಾಗಿಲಿಗೆ ಒಳಗಿಂದ ಅಗಳಿ?"

"ನಾನೇ ಹಾಕಿಸ್ತೀನಿ. ನೀವಾಗಿ ತೆಗೆಯೋ ತನಕ ಅದು ಹಾಕೇ ಇರಲಿ. ತೆಗೀದೇ ಇದ್ರೂ ಸರಿ."

ಅವನು ಹೋದ ಮೇಲೆ ಕೇಳಿದೆ. ಒಪ್ಪಿದೆಯಾ? ಅವಳೆಂದಳು, "ಒಪ್ಪೋಕೆ ಏನಿದೆ ಅತ್ತೆ? ಇಲ್ಲಿದ್ರೆ ಅಪ್ಪ ಸಾಯಿಸ್ತಾರೆ, ಹೋಗದೇ ಇದ್ರೆ ಮಂತ್ರಿ ಬಿಡಲ್ಲ. ಅಲ್ಲಿ ಊಟವಾದ್ರೂ ಹಾಕ್ತಾರೆ."

ಅಪ್ಪ ಸಾಯಿಸುತ್ತಾರೆ ಎಂದಳು, ಅತ್ತೆ ಎನ್ನಲಿಲ್ಲ. ಅದನ್ನೇ ಯೋಚಿಸುತ್ತ ಕುಳಿತಿದ್ದು ಪ್ರಾರ್ಥನೆಯ ಹೊತ್ತು ತಪ್ಪಿತು.

ಜನವರಿ 26

ಲೋಪು ಇದ್ದಕ್ಕಿದ್ದಂತೆ ಹುರುಪಿನಲ್ಲಿದ್ದಾನೆ. ಹೊಸ ಉಪಾಯವಂತೆ. ಮದುವೆಯಾಗಲಿ, ದಾಖಲೆಗೆ ಸಹಿ ಬೀಳಲಿ. ಚರ್ಚಿನಿಂದ ಹೊರಟ ಸಾರೋಟು ಗಂಡನ ಮನೆಗೆ ಹೋಗದೆ ನೇರವಾಗಿ ಬೆಟ್ಟದ ಮೇಲಿನ ಮಠಕ್ಕೆ ಹೋಗಬೇಕು. ಮದುವೆಯಾದ ಹೆಣ್ಣು ಪ್ರಾರ್ಥನೆಗೆಂದು ಮಠದಲ್ಲಿ ಇರಬಾರದೆಂದು ಯಾವ ಅಪ್ಪಣೆಯೂ ಇಲ್ಲ. ಹಿರಿಯ ಸನ್ಯಾಸಿನಿ ನಮ್ಮ ಸೋದರತ್ತೆಯ ಮಗಳು. 'ಒಂದು ಸಲ ಒಳಗೆ ಬಂದರೆ ಮತ್ತೆ ಬಾಗಿಲು ತೆಗೆಯುವುದಿಲ್ಲ, ಊಟ ಮಿತವಾಗಿ ಕೊಡುತ್ತೇವೆ' ಎಂದು ಬರೆದಿದ್ದಾಳೆ.

ಮೊದಲ ಸಾರೋಟಿನಲ್ಲಿ ಮಗುವಿನ ಜೊತೆ ನಾನು. ಲೋಪು ಹಿಂದಿನದರಲ್ಲಿ ಗಾಸ್ಪಾರ್ ಮತ್ತು ಅವನ ತಾಯಿಯನ್ನು ಮಾತಿನಲ್ಲಿ ಹಿಡಿದಿಡುತ್ತಾನೆ. ಮಗುವಿಗೆ ಹೇಳಬಾರದು ಎಂದಿದ್ದಾನೆ.

ಸರಿ ಎಂದೆ. ವಂಶದ ದೃಷ್ಟಿಯಿಂದ ಉಪಾಯ ಚೆನ್ನಾಗಿದೆ. ಆದರೆ ಆ ಸನ್ಯಾಸಿನಿಯ ಪತ್ರವೆಲ್ಲ ಎಣ್ಣೆಯ ಕಲೆ. ಏನನ್ನೋ ತಿನ್ನುತ್ತ ಬರೆದಿದ್ದಾಳೆ.

ಜನವರಿ 28, ಶನಿವಾರ

ಮದುವೆಯಾಯಿತು. ಒಂಬತ್ತೇ ಜನ. ಸಾರ್ಮೆಂತು ಎಲ್ಲರಿಗಿಂತ ಮುಂದೆ ನಿಂತು, ಪಾದ್ರಿಯ ಬಾಯಿಂದ ಬೀಳುವ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದ. ಸಹಿಯ ಮಸಿ ಒಣಗುವ ಮೊದಲೇ ಪುಸ್ತಕವನ್ನು ಮುಚ್ಚಿದ.

ನಾವು ಸಾರೋಟು ಹತ್ತಿದೆವು. ಮಗುವಿನ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿದೆ. ಇನಾಸಿಯಾ ಕೊಟ್ಟ ರೊಟ್ಟಿಯ ತುಂಡನ್ನು ಕರವಸ್ತ್ರದಲ್ಲಿ ಮುಚ್ಚಿಟ್ಟುಕೊಂಡಿದ್ದಳು. ದಾರಿಯಲ್ಲಿ ಮುರಿದು ತಿನ್ನುತ್ತ, ಅರ್ಧವನ್ನು ನನಗೆ ಚಾಚಿದಳು. "ತಗೊಳ್ಳಿ ಅತ್ತೆ. ಬೆಳಿಗ್ಗೆಯಿಂದ ನೀವೂ ಏನೂ ತಿಂದಿಲ್ಲ."

ಎಡಕ್ಕೆ ತಿರುಗಿದರೆ ಬೆಟ್ಟದ ದಾರಿ. ತಿರುವಿನ ಹತ್ತಿರ ಬಂದಾಗ ಗಾಡಿಯವನು ಲೋಪು ಹೇಳಿಕೊಟ್ಟಂತೆ ಲಗಾಮು ಎಳೆದ. ಆ ದಾರಿಯಲ್ಲಿ ಒಂದು ಹೇಸರಗತ್ತೆ ಸತ್ತು ಬಿದ್ದಿತ್ತು. ಹೊಟ್ಟೆ ಉಬ್ಬಿ ಒಡೆದಿತ್ತು. ಅಷ್ಟು ದೂರದಿಂದಲೇ ನಾತ. ಅದನ್ನು ದಾಟಿಕೊಂಡು ಹೋಗಲು ನನ್ನಿಂದ ಸಾಧ್ಯವಿರಲಿಲ್ಲ.

"ಬಲಕ್ಕೆ," ಎಂದೆ.

"ಯಜಮಾನ್ರು ಎಡಕ್ಕೆ ಅಂದಿದ್ರು ಅಮ್ಮಾವ್ರೇ."

"ನನಗೆ ವಾಸನೆ ಆಗಲ್ಲ. ಬಲಕ್ಕೆ ತಿರುಗಿಸು. ಹೊಸ ಬೀದಿ."

"ಕೆಳಗಿನ ದಾರೀಲಿ ಸುತ್ತಾಕ್ಕೊಂಡು ಮಠಕ್ಕೆ ಹೋಗ್ಬಹುದು..."

"ಬಲಕ್ಕೆ ಅಂದ್ನಲ್ಲೋ!"

ಮಗು ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಮಠ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ನನ್ನ ತೋಳನ್ನು ಹಿಡಿದುಕೊಂಡಳು, ಮನೆ ಬರುವ ತನಕ ಬಿಡಲಿಲ್ಲ. ತೋಳಿನಲ್ಲಿ ನಾಲ್ಕು ಬೆರಳಿನ ಗುರುತು ಈಗಲೂ ಇದೆ.

ಫೆಬ್ರವರಿ 3

ಬ್ರಾಂದಾವುಗಳ ಈ ಮನೆಯಲ್ಲಿ ಆರು ದಿನವಾಯಿತು. ಹಾಸಿಗೆ ಉಬ್ಬುತಗ್ಗು. ಇನಾಸಿಯಾ ಮಧ್ಯಾಹ್ನ ಮಲಗಿದರೆ ಗೊರಕೆಗೆ ಕಿಟಕಿ ಅದುರುತ್ತದೆ. ಎಲ್ಲರಿಗೂ ಒಂದೇ ಮೇಜು, ಆಳುಗಳೂ ಕೈ ತೊಳೆದು ಅದರ ತುದಿಯಲ್ಲೇ ಕೂರುತ್ತಾರೆ. ಮಗುವಿಗೆ ಮೈ ಪೂರ್ತಿ ನೆಟ್ಟಗಾದ ದಿನ ನಾನು ಹೊರಡುತ್ತೇನೆ.

ಬೆಳಿಗ್ಗೆ ಒಂದು ಎತ್ತಿನ ಗಾಡಿ ಬಂತು. ಮೇಲೆ ಕಿತೇರಿಯಾ, ಅವಳ ಹಿಂದೆ ನನ್ನ ಮಂಚ, ಹಾಸಿಗೆ, ಪ್ರಾರ್ಥನೆಯ ಪೀಠ, ತಟ್ಟೆ, ಲೋಟ, ಕಡೆಗೆ ಸ್ನಾನದ ಹಂಡೆ ಕೂಡ.

"ಏನೇ ಇದು?"

ಅವಳು ಸೊಂಟದ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. "ನೀವು ಮುಟ್ಟಿದ್ದು ಯಾವುದೂ ಮನೇಲಿರಬಾರದು ಅಂದ್ರು ಯಜಮಾನ್ರು. ನಿಮ್ಮ ಕೋಣೆಗೆ ಸುಣ್ಣ ಬಳಿಸ್ತಿದಾರೆ. ನನ್ನನ್ನೂ ನೀವೇ ಇಟ್ಕೋಬೇಕಂತೆ, ನೀವು ಕೈಯಾರೆ ಕೊಟ್ಟ ಔಷಧಿ ಕುಡಿದಿದೀನಲ್ಲ ನಾನು."

ಲೋಪು ಹುಟ್ಟಿದಾಗ ಅವನನ್ನು ಮೊದಲು ಎತ್ತಿಕೊಂಡವಳು ನಾನು. ಅವನ ಮೈಗೂ ಸುಣ್ಣ ಬಳಿಸಿಕೊಳ್ಳಲಿ.

ಇನಾಸಿಯಾ ಹೊರಗೆ ಬಂದು, ಗಾಡಿಯನ್ನೂ ನನ್ನ ಮುಖವನ್ನೂ ನೋಡಿದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. "ಮಂಚ ದೊಡ್ಡದಿದೆ ಬೀಗಿತ್ತಿ. ಬಾಗಿಲಲ್ಲಿ ಹಿಡಿಸಲ್ಲ, ಕಾಲು ಬಿಚ್ಚಬೇಕು," ಎಂದು ಒಂದು ತುದಿಗೆ ಕೈ ಹಾಕಿದಳು. ಇನ್ನೊಂದು ತುದಿಯನ್ನು ಹಿಡಿಯಲು ಬೇರೆ ಯಾರೂ ಇರಲಿಲ್ಲ.

ಫೆಬ್ರವರಿ 6, ಸೋಮವಾರ

ಸಾರ್ಮೆಂತು ಬಂದಿದ್ದ. ಗಾಸ್ಪಾರ್ ಕೆಲಸದ ಮೇಲೆ ಹೋಗಿದ್ದ. ನಡುಮನೆಯಲ್ಲಿ ನಾನು, ಇನಾಸಿಯಾ, ಮಗು ಮೂವರೇ ಇದ್ದೆವು.

ಪುಸ್ತಕ ಬಿಚ್ಚಿ, ಲೇಖನಿ ಅದ್ದಿ, ಮಳೆ ಬಿಸಿಲಿನ ಸುದ್ದಿ ಆಡುವಂತೆ ಕೇಳಿದ. "ಕೆಲವು ಮನೆಗಳಲ್ಲಿ ಕಾಗದದ ಮೇಲೆ ಮಾತ್ರ ಮದುವೆ ನಡೀತಾ ಇದೆ ಅಂತ ಮಂತ್ರಿಗಳಿಗೆ ದೂರು ಬಂದಿದೆ. ಗಂಡ ಹೆಂಡ್ತಿ ಒಂದೇ ಹಾಸಿಗೇಲಿ ಮಲಗ್ತಿದಾರಾ? ಗುರುತೇನಾದ್ರೂ ಇದ್ರೆ ತೋರಿಸಿ. ಇಲ್ಲಾಂದ್ರೆ ಸೂಲಗಿತ್ತೀನ ಕಳಿಸ್ತೀನಿ, ಪರೀಕ್ಷೆ ಮಾಡ್ತಾಳೆ."

ಮಗುವಿನ ಕುತ್ತಿಗೆ ಕೆಂಪೇರಿತು. ಅವಳ ಕೋಣೆಗೆ ಒಳಗಿನಿಂದ ಅಗಳಿ ಇದೆ, ಇನ್ನೂ ತೆಗೆದಿಲ್ಲ. ಮನೆಯವರಿಗೆಲ್ಲ ಗೊತ್ತು. ಇನಾಸಿಯಾ ಏನೋ ಹೇಳಹೊರಟಳು. ಅವನು ಅವಳ ಕಡೆ ತಿರುಗಲೂ ಇಲ್ಲ, "ನಿಮ್ಮ ಮಾತನ್ನ ಸಾಕ್ಷಿ ಅಂತ ಹಿಡಿಯೋಕಾಗಲ್ಲಮ್ಮ," ಎಂದ.

ನಾನು ಎದ್ದು ನಿಂತೆ.

"ನನ್ನ ಮಾತು?"

"ತಮ್ಮದಾ?" ಅವನೂ ಎದ್ದ, ಟೋಪಿ ತೆಗೆದ. "ತಮ್ಮಂಥ ಮನೆತನದೋರ ಮಾತಿಗೆ ಎದುರಿದೆಯಾ ದೋನಾ ಮೇಸಿಯಾ?"

"ಹಾಗಾದ್ರೆ ಬರ್ಕೊಳ್ಳಿ. ಇಬ್ಬರೂ ಗಂಡ ಹೆಂಡತಿ ಹಾಗೇ ಇದಾರೆ. ಹದಿನಾಲ್ಕು ತಲೆಮಾರಿನ ಆಣೆ. ಇನ್ನು ಸೂಲಗಿತ್ತಿ ಅಂತ ಯಾರಾದ್ರೂ ಈ ಹೊಸ್ತಿಲು ದಾಟಿದ್ರೆ, ನಾನು ಮಂತ್ರಿಗಳ ಮನೆ ಬಾಗಿಲಿಗೇ ಬಂದು ಕೂರ್ತೀನಿ."

ರಕ್ತದಲ್ಲಿ ಮೇಲು ಕೀಳಿಲ್ಲವೆಂದು ಊರೂರು ಸಾರುವ ಆ ಮನುಷ್ಯ, ನನ್ನ ರಕ್ತವನ್ನು ನಂಬಿ ಬರೆದುಕೊಂಡ. ಬರೆದ ಮೇಲೆ ಮಸಿ ಒಣಗಲು ಮರಳು ಚೆಲ್ಲಿ, ಊದಿ, ಸೊಂಟ ಬಗ್ಗಿಸಿ ನಮಸ್ಕರಿಸಿ ಹೋದ.

ಮಗು ಅವನ ಹಿಂದೆ ಬಾಗಿಲು ಹಾಕಿ ಬಂದು, "ಸುಳ್ಳು ಆಣೆ ಮಾಡಿದ್ರಿ ಅತ್ತೆ," ಎಂದಳು.

"ಅವನ ಮೈ ಗಬ್ಬು ನಾರ್ತಿತ್ತು. ಬೇಗ ತೊಲಗಲಿ ಅಂತ ಹೇಳ್ದೆ."

ಇನಾಸಿಯಾ ಮುಸುಕಿನೊಳಗೇ ಕೆಮ್ಮಿದಳು. ಅದು ಕೆಮ್ಮಲ್ಲ, ನನಗೆ ಗೊತ್ತು.

ನಾಡಿದ್ದು ಬೂದಿ ಬುಧವಾರ. ಅದಕ್ಕೆ ಮೊದಲು ಪಾಪನಿವೇದನೆ ಮಾಡಿಕೊಳ್ಳಬೇಕು. ಸುಳ್ಳು ಪ್ರಮಾಣ ಸಣ್ಣ ಪಾಪವಲ್ಲ. ಬಾಯಲ್ಲಿ ಹೇಳಿದರೆ ಸಾಲದು, ಒಳಗೆ ನಿಜವಾದ ಪಶ್ಚಾತ್ತಾಪ ಇರಬೇಕು, ಇಲ್ಲದಿದ್ದರೆ ಪಾದ್ರಿ ಕ್ಷಮೆ ಕೊಡುವಂತಿಲ್ಲ. ಮಧ್ಯಾಹ್ನದಿಂದ ಕೂತು ಹುಡುಕುತ್ತಿದ್ದೇನೆ.

ಇನ್ನೂ ಸಿಕ್ಕಿಲ್ಲ.